ಹಾಡು ನಿಂತರೆ ಒಂದು, ದನಿ ಒಡೆದರೆ ಇನ್ನೊಂದು

ನನಗೆ ಬರುವ ಫೋನುಗಳಲ್ಲಿ ಒಂದು ಬಗೆಯವು ಯಾವಾಗಲೂ ರಾತ್ರಿ ಊಟದ ಹೊತ್ತಿಗೇ ಬರುತ್ತವೆ. "ಅಕ್ಕಾ, ನಮ್ಮ ಹಕ್ಕಿ ಹಾಡೋದೇ ಬಿಟ್ಟಿದೆ." ಇಲ್ಲವೇ, "ಎರಡು ದಿನದಿಂದ ಒಂದೇ ಸಮ ಅರಚ್ತಿದೆ, ಪಕ್ಕದ ಮನೆಯವರು ಬಂದು ಕೇಳಿ ಹೋದರು." ನಾನು ಪಶುವೈದ್ಯೆ ಅಲ್ಲ. ತುಂಬಾ ವರ್ಷಗಳಿಂದ ಕಾಕಟೀಲ್ ಅನ್ನುವ ಜುಟ್ಟಿನ ಪುಟ್ಟ ಗಿಳಿಗಳನ್ನು ಸಾಕಿದವಳು, ಅವುಗಳ ಬಗ್ಗೆ ಸಿಕ್ಕಿದ್ದೆಲ್ಲ ಓದುವವಳು, ಅಷ್ಟೇ. ಆದರೂ ಫೋನ್ ಬರುತ್ತದೆ. ನಾಯಿಗೆ ಹುಷಾರಿಲ್ಲ ಅಂದರೆ ಬೀದಿಯಲ್ಲಿ ಹತ್ತು ಜನ ಸಲಹೆ ಕೊಡುತ್ತಾರೆ. ಹಕ್ಕಿಯ ವಿಷಯ ಬಂದರೆ ಎಲ್ಲರೂ ಅದನ್ನು ಮಾರಿದ ಅಂಗಡಿಯವನ ಕಡೆ ಕೈ ತೋರಿಸುತ್ತಾರೆ.

ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಹಾಡುವ ರೀತಿ ಬದಲಾಗಿದೆಯಾ, ದನಿಯೇ ಬದಲಾಗಿದೆಯಾ?

"ಎರಡೂ ಒಂದೇ ಅಲ್ವಾ?" ಅನ್ನುತ್ತಾರೆ. ಅಲ್ಲ. ಹಳೆಯ ಸ್ಪಷ್ಟ ದನಿಯಲ್ಲೇ ಕಡಿಮೆ ಕೂಗುತ್ತಿದ್ದರೆ, ಜಾಸ್ತಿ ಕೂಗುತ್ತಿದ್ದರೆ, ಯಾವುದೋ ಹೊಸ ಕೂಗು ಹಿಡಿದಿದ್ದರೆ, ಕಾರಣ ಹೆಚ್ಚಾಗಿ ಹಕ್ಕಿಯ ಸುತ್ತಮುತ್ತ ಇರುತ್ತದೆ. ಬೆಳಕು, ಕಿಟಕಿ, ಮನೆಯ ಜನ, ವಯಸ್ಸು. ದನಿ ಗೊಗ್ಗರಾಗಿದ್ದರೆ, ಒಡೆದಿದ್ದರೆ, ಕೊಕ್ಕು ತೆರೆದರೂ ಬರೀ ಗಾಳಿ ಬರುತ್ತಿದ್ದರೆ, ಕಾರಣ ಮೈಯೊಳಗಿದೆ. ಮೊದಲನೆಯದಾದರೆ ಕೂತು ನೋಡಲು ಸಮಯ ಸಿಗುತ್ತದೆ. ಎರಡನೆಯದಕ್ಕೆ ಸಿಗುವುದಿಲ್ಲ.

ಮನೆಗಳಲ್ಲಿ ಈ ಪ್ರಶ್ನೆ ಹುಟ್ಟುವ ಮೊದಲೇ ಬೇರೆ ಉತ್ತರಗಳು ರೆಡಿ ಇರುತ್ತವೆ. ಮುನಿಸಿಕೊಂಡಿದೆ. ಬೇಜಾರಾಗಿದೆ. ಯಾರದ್ದೋ ಕಣ್ಣು ಬಿದ್ದಿದೆ. ನಮ್ಮ ಅತ್ತೆಯವರದ್ದು ಮೂರನೆಯ ಪಕ್ಷ. ನಮ್ಮ ಕಾಕಟೀಲ್ ಗುಂಡ ಹಾಡು ನಿಲ್ಲಿಸಿದಾಗ, "ಮೊನ್ನೆ ಬಂದವರೆಲ್ಲ ಎಷ್ಟು ಚೆನ್ನಾಗಿ ಹಾಡ್ತಾನೆ ಅಂತ ಬಾಯಿ ಬಿಟ್ಕೊಂಡು ನೋಡಿದ್ರು ಕಣಮ್ಮ, ದೃಷ್ಟಿಯೇ ಇದು" ಅಂದು ಉಪ್ಪು, ಒಣಮೆಣಸಿನಕಾಯಿ ಹಿಡಿದು ಪಂಜರದ ಸುತ್ತ ನಿವಾಳಿಸಿದರು. ನಿವಾಳಿಸಲಿ, ನನ್ನದೇನೂ ತಕರಾರಿಲ್ಲ. ಒಲೆಗೆ ಮಾತ್ರ ಹಾಕಬೇಡಿ ಅಂತ ಕೇಳಿಕೊಂಡೆ. ಮೆಣಸಿನಕಾಯಿ ಸುಟ್ಟ ಘಾಟಿಗೆ ನಾವು ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತೇವೆ. ನೂರು ಗ್ರಾಮ್ ಆಚೀಚೆ ತೂಗುವ ಹಕ್ಕಿಗೆ ಅದು ಉಸಿರಿನ ಪ್ರಶ್ನೆ. ಅತ್ತೆ ನನ್ನ ಮುಖ ನೋಡಿ, ಕೆಳಗಿಳಿದು ಹೋಗಿ ಮೂರು ದಾರಿ ಸೇರುವಲ್ಲಿ ಚೆಲ್ಲಿ ಬಂದರು.

ದೃಷ್ಟಿಗಿಂತ ನನಗೆ ಕಿರಿಕಿರಿ ಆಗುವುದು "ಮುನಿಸು" ಅನ್ನುವ ಉತ್ತರ. ಅದು ಕೇಳಲು ಮುದ್ದಾಗಿದೆ. ಆದರೆ ಅದನ್ನು ಒಪ್ಪಿಕೊಂಡ ಕೂಡಲೇ ಯಾರೂ ಹಕ್ಕಿಯ ಕಡೆ ನೋಡುವುದಿಲ್ಲ. ಮುನಿದವರನ್ನು ರಮಿಸಲು ಹೊರಡುತ್ತಾರೆ. ಬೀಜ ಜಾಸ್ತಿ ಹಾಕುತ್ತಾರೆ, ಹೊಸ ಗಂಟೆ ತಂದು ಕಟ್ಟುತ್ತಾರೆ, ಕನ್ನಡಿ ಇಡುತ್ತಾರೆ. ಹಕ್ಕಿ ಏನನ್ನು ನೋಡಿ, ಏನನ್ನು ಕೇಳಿ ಹಾಗೆ ಮಾಡುತ್ತಿದೆ ಅನ್ನುವುದು ಹಾಗೇ ಉಳಿಯುತ್ತದೆ.

ಕಾಕಟೀಲ್ ಎಲ್ಲಿಯ ಹಕ್ಕಿ ಅಂತ ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಅದು ಆಸ್ಟ್ರೇಲಿಯಾದ ಒಳನಾಡಿನದು. ಕಾಕಟೂಗಳ ಕುಟುಂಬದಲ್ಲಿ ಅತಿ ಚಿಕ್ಕದು, ಬಾಲವೂ ಸೇರಿ ಒಂದಡಿ ಉದ್ದ. ಅಲ್ಲಿ ಮಳೆಗೆ ಲೆಕ್ಕವಿಲ್ಲ. ಎಲ್ಲಿ ಹುಲ್ಲು ಬೀಜ ಕಟ್ಟಿದೆಯೋ, ಎಲ್ಲಿ ನೀರಿದೆಯೋ ಅಲ್ಲಿಗೆ ಹಿಂಡು ಕಟ್ಟಿಕೊಂಡು ಅಲೆಯುವ ಹಕ್ಕಿ. ಗೋಧಿ ಹೊಲಕ್ಕೂ ನುಗ್ಗುತ್ತದೆ, ಅಲ್ಲಿನ ರೈತರಿಗೆ ಅದರ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ತಿನ್ನುವುದು ನೆಲದ ಮೇಲೆ ಓಡಾಡುತ್ತ. ತಲೆ ತಗ್ಗಿಸಿ ಹುಲ್ಲಿನ ನಡುವೆ ಬೀಜ ಆರಿಸುವಾಗ ಪಕ್ಕದ ಹಕ್ಕಿ ಕಾಣುವುದಿಲ್ಲ, ಮೇಲಿನಿಂದ ಎರಗುವುದೂ ಕಾಣುವುದಿಲ್ಲ. ಆಗ ಹಿಂಡನ್ನು ಹಿಡಿದಿಡುವುದು ಕೂಗು.

ನಾನು ಮಲೆನಾಡಿನವಳು. ತೋಟಕ್ಕೆ ಹೋದವರನ್ನು ಊಟಕ್ಕೆ ಕರೆಯಲು ನಮ್ಮಲ್ಲಿ "ಕೂ" ಹಾಕುತ್ತಿದ್ದರು. ಆ ಕಡೆಯಿಂದ ಒಂದು "ಕೂ" ವಾಪಸು ಬಂದರೆ ಮುಗಿಯಿತು, ಮಾತೇ ಬೇಡ. ಬರದಿದ್ದರೆ ಮತ್ತೊಮ್ಮೆ, ಇನ್ನೂ ಜೋರಾಗಿ. ಕಾಕಟೀಲ್ ಕೂಗಿನಲ್ಲಿ ದೊಡ್ಡ ಪಾಲು ಇದೇ ಕೆಲಸದ್ದು. ನಾನಿಲ್ಲಿದ್ದೀನಿ, ನೀನಿದ್ದೀಯಾ? ಗಂಡುಗಳು ಇದರ ಮೇಲೆ ಹಾಡನ್ನೂ ಕಟ್ಟುತ್ತವೆ. ಹೆಣ್ಣುಗಳು ಸಾಮಾನ್ಯವಾಗಿ ಕಡಿಮೆ ಮಾತಿನವು.

ಇಂಥ ಕೂಗುಗಳಲ್ಲಿ ಕಲಿತದ್ದೂ ಬಹಳ ಇರುತ್ತದೆ. ವೆನಿಜುವೆಲಾದಲ್ಲಿ ಸಂಶೋಧಕ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ಒಂದು ಬಗೆಯ ಪುಟ್ಟ ಹಸಿರು ಗಿಳಿಗಳ ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಾಯಿಸಿ ನೋಡಿದರು. ಮರಿಗಳ ಕೂಗು ಹೋಲುತ್ತಿದ್ದುದು ಹೆತ್ತವರದ್ದನ್ನಲ್ಲ, ಸಾಕಿದವರದ್ದನ್ನು. ನಮ್ಮ ಮನೆಗಳಲ್ಲಿ ಸಾಕಿದವರು ನಾವೇ. ಹಾಗಾಗಿ ಕುಕ್ಕರ್ ಸೀಟಿ, ಕಾಲಿಂಗ್ ಬೆಲ್, ಹಾಲಿನವನ ಬೈಕಿನ ಹಾರ್ನ್ ಎಲ್ಲವೂ ಹಿಂಡಿನ ಭಾಷೆಗೆ ಸೇರಿಬಿಡುತ್ತವೆ.

ಈಗ ಗುಂಡನ ವಿಷಯ. ಬೂದು ಮೈ, ಹಳದಿ ಮುಖ, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು. ನಮ್ಮದು ಮೈಸೂರಿನಲ್ಲಿ ಮೂರನೇ ಮಹಡಿಯ ಮನೆ. ಬೆಳಿಗ್ಗೆ ಬಟ್ಟೆ ಸರಿಸಿದರೆ ಸಾಕು, ತಿಂಡಿ ಆಗುವವರೆಗೂ ಅವನದೇ ಕಛೇರಿ. ಒಂದು ಆಗಸ್ಟಿನಲ್ಲಿ ಇದು ನಿಂತುಹೋಯಿತು. ಮಧ್ಯಾಹ್ನದ ಮೇಲೆ ಅಲ್ಲೊಂದು ಇಲ್ಲೊಂದು ಸಿಳ್ಳೆ, ಬೆಳಿಗ್ಗೆ ಪೂರ್ತಿ ಮೌನ.

ಮೊದಲು ದೇಹ ನೋಡಬೇಕು. ಮೌನವೂ ಕಾಯಿಲೆಯ ಗುರುತಾಗಿರಬಹುದು, ಹಾಡು ಮಾತ್ರ ನಿಂತಿದೆ ಅಂತ ಧೈರ್ಯ ಮಾಡಿಕೊಂಡು ಕೂರುವಂತಿಲ್ಲ. ತೂಕ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿದೆ, ಹಿಂದಿನಷ್ಟೇ ಇತ್ತು. ಹಿಕ್ಕೆ ಸರಿ ಇತ್ತು. ತಿನ್ನುತ್ತಿದ್ದ. ಗರಿ ಉಬ್ಬಿಸಿಕೊಂಡು ಮುದುಡಿ ಕೂತಿರಲಿಲ್ಲ. ಮಧ್ಯಾಹ್ನ ಹಾಕುವ ಒಂದೆರಡು ಸಿಳ್ಳೆ ಮೊದಲಿನಷ್ಟೇ ಚೊಕ್ಕವಾಗಿದ್ದವು. ಅಂದರೆ ದನಿ ಹಾಗೇ ಇದೆ, ಹಾಡುವ ಮನಸ್ಸಿಲ್ಲ.

ಆಮೇಲೆ ಮಾಡಿದ್ದು ತೀರಾ ಸರಳ. ಕಾಫಿ ಹಿಡಿದು, ಫೋನ್ ಒಳಗಿಟ್ಟು, ಪಂಜರದ ಪಕ್ಕ ಅವನ ಕಣ್ಣಿನ ಮಟ್ಟಕ್ಕೆ ಕೂತೆ. ಗುಂಡ ಒಂದು ಕಾಲ ಮೇಲೆ ನಿಂತು ಆರಾಮಾಗಿದ್ದವನು ಇದ್ದಕ್ಕಿದ್ದಂತೆ ಸಣ್ಣಗಾದ. ಗರಿಯೆಲ್ಲ ಮೈಗೆ ಅಂಟಿಸಿಕೊಂಡ. ಜುಟ್ಟು ನೆಟ್ಟಗೆ. ತಲೆ ಓರೆ ಮಾಡಿ ಒಂದೇ ಕಣ್ಣು ಮೇಲಕ್ಕೆ. ಹಕ್ಕಿ ಹೀಗೆ ಒಂದು ಕಣ್ಣು ಆಕಾಶಕ್ಕೆ ತಿರುಗಿಸಿದರೆ ನೀವೂ ಆ ಕಡೆ ನೋಡಿ. ನೋಡಿದೆ. ಎದುರಿಗೆ ಹೊಸ ಕಟ್ಟಡದ ಕೆಲಸ ಮುಗಿದು ಸಾರ್ವೆ ಬಿಚ್ಚಿದ್ದರು. ಅದರ ನೆತ್ತಿಯ ನೀರಿನ ಟ್ಯಾಂಕಿನ ಮೇಲೆ ಒಂದು ಹದ್ದು. ಬಿಸಿಲು ಕಾಯಿಸಿಕೊಳ್ಳುತ್ತ ಕೂತಿತ್ತು, ಗುಂಡನ ಕಡೆ ಅದರ ಗಮನವೇ ಇರಲಿಲ್ಲ. ಬಿಸಿಲೇರಿದ ಮೇಲೆ ಎದ್ದು ಹೋಯಿತು. ಮರುದಿನವೂ ಅಲ್ಲೇ ಇತ್ತು.

ಗುಂಡ ಹುಟ್ಟಿದ್ದು ಪಂಜರದಲ್ಲಿ. ಅವನ ಅಜ್ಜ ಮುತ್ತಜ್ಜಂದಿರೂ ಬಹುಶಃ ಪಂಜರದವೇ. ಹಿಡಿಯುವ ಹಕ್ಕಿಯ ಭಯ ಮಾತ್ರ ಹಾಗೇ ಇದೆ. ಹದ್ದು ಕಣ್ಣಿಗೆ ಬಿದ್ದಾಗ ಹಾಡುವ ಕಾಕಟೀಲ್‌ಗಳ ವಂಶ ಆಸ್ಟ್ರೇಲಿಯಾದಲ್ಲಿ ಬಹಳ ಕಾಲ ಬಾಳಿರಲಾರದು.

ಕಿಟಕಿಯ ಮೇಲರ್ಧಕ್ಕೆ ಪರದೆ ಹಾಕಿದೆವು. ಪಂಜರದ ಒಂದು ಪಕ್ಕ ಗೋಡೆಗೆ ಸೇರುವಂತೆ ತಿರುಗಿಸಿದೆವು, ನಾಲ್ಕೂ ಕಡೆ ಬಯಲಾದರೆ ಹಕ್ಕಿಗೆ ಬೆನ್ನು ಕೊಡಲು ಜಾಗ ಇರುವುದಿಲ್ಲ. ಹಾಡು ಮೆಲ್ಲಗೆ ವಾಪಸು ಬಂತು. ಹದ್ದೇ ಕಾರಣ ಅಂತ ನಾನು ಕೋರ್ಟಿನಲ್ಲಿ ಸಾಬೀತು ಮಾಡಲಾರೆ. ಅತ್ತೆಯವರಂತೂ ಉಪ್ಪು ಮೆಣಸಿನಕಾಯಿ ಅಂತಲೇ ಇಂದಿಗೂ ಹೇಳುತ್ತಾರೆ.

ಅರಚಾಟದ ಕಥೆ ಇನ್ನೂ ಸಂಕೀರ್ಣ. ಮಗಳು ಪಿಯುಸಿ ಮುಗಿಸಿ ಹುಬ್ಬಳ್ಳಿಗೆ ಓದಲು ಹೋದಳು. ಅವಳು ಕಾಲೇಜಿಂದ ಬರುತ್ತಿದ್ದ ಸಂಜೆ ಹೊತ್ತಿಗೆ ಗುಂಡ ಕೂಗಲು ಶುರು ಮಾಡಿದ. ಹಾಡಲ್ಲ, ಕೂಗು. ಒಂದೇ ಸ್ವರ, ಕಿವಿಗೆ ಚುಚ್ಚುವಂಥದ್ದು. ಲಿಫ್ಟಿನ ಬಾಗಿಲು ಸದ್ದಾದರೆ ಇನ್ನೂ ಜೋರು. ಹಿಂಡಿನಲ್ಲಿ ಒಬ್ಬರು ಕಡಿಮೆಯಾದರೆ, ಕರೆದದ್ದಕ್ಕೆ ಉತ್ತರ ಬರದಿದ್ದರೆ ಹಕ್ಕಿ ಮಾಡುವುದೇ ಅದು, ಕರೆಯನ್ನು ಏರಿಸುವುದು. ಅಷ್ಟರಮಟ್ಟಿಗೆ ಇದರಲ್ಲಿ ಅಚ್ಚರಿಯಿಲ್ಲ.

ತೊಡಕು ಶುರುವಾಗುವುದು ಆಮೇಲೆ. ಹಕ್ಕಿ ಅರಚಿದಾಗ ಮನೆಯವರು ಏನು ಮಾಡುತ್ತಾರೆ? ಓಡಿ ಬರುತ್ತಾರೆ. "ಯಾಕೋ, ಏನಾಯ್ತೋ ನಿಂಗೆ" ಅನ್ನುತ್ತಾರೆ. ತಡೆಯದಿದ್ದರೆ ಗದರುತ್ತಾರೆ. ಗದರಿದರೆ ಬುದ್ಧಿ ಬರುತ್ತದೆ ಅಂತ ನಮ್ಮ ಲೆಕ್ಕ. ಹಕ್ಕಿಯ ಲೆಕ್ಕದಲ್ಲಿ ಅದು ಉತ್ತರ. ಕರೆದೆ, ಬಂದರು, ಜೋರಾಗಿ ಮಾತೂ ಆಡಿದರು. ನಾಳೆ ಮೊದಲ ಸಲಕ್ಕೇ ಜೋರಾಗಿ ಕರೆದರಾಯಿತು! ಹೀಗೆ ನೈಜವಾದ ಒಂದು ಕರೆ ಕೆಲವೇ ವಾರದಲ್ಲಿ ಅಭ್ಯಾಸವಾಗಿ ಗಟ್ಟಿಯಾಗುತ್ತದೆ. ಪಂಜರಕ್ಕೆ ಬಟ್ಟೆ ಮುಚ್ಚಿ ಶಿಕ್ಷೆ ಕೊಡುವವರಿದ್ದಾರೆ. ಹಗಲು ಹೊತ್ತಿನಲ್ಲಿ ಕತ್ತಲೆಯಾದರೆ ಹಕ್ಕಿಗೆ ಗಾಬರಿ, ಪಾಠವಲ್ಲ.

ನಾವು ಮಾಡಿದ್ದು ಬೇರೆ. ಅವನು ಏರುದನಿಗೆ ಹೋಗುವ ಮೊದಲೇ, ಆ ಹೊತ್ತಿಗೆ ಸರಿಯಾಗಿ, ಯಾರಾದರೂ ಒಬ್ಬರು ಅಡುಗೆಮನೆಯಿಂದ ಎರಡು ಸ್ವರದ ಸಣ್ಣ ಸಿಳ್ಳೆ ಹಾಕುವುದು. ಅವನು ಅದೇ ಸಿಳ್ಳೆಯಲ್ಲಿ ಉತ್ತರಿಸಿದರೆ ಹತ್ತಿರ ಹೋಗುವುದು, ನಾಲ್ಕು ಕಾಳು ನವಣೆ ಕೊಡುವುದು. ಅರಚಿದರೆ ಹೋಗುವುದಿಲ್ಲ, ಉಸಿರೂ ಬಿಡುವುದಿಲ್ಲ. ಹೇಳಲು ಸುಲಭ. ಕಾಕಟೀಲ್ ಅರಚುವಾಗ ಅತ್ತೆಯವರಂಥ ಮನುಷ್ಯರನ್ನು ಸುಮ್ಮನೆ ಕೂರಿಸುವುದಕ್ಕಿಂತ ಹಕ್ಕಿಗೆ ಕಲಿಸುವುದೇ ಬೇಗ ಆಯಿತು. ಮೊದಮೊದಲು ಅರಚಾಟ ಇನ್ನೂ ಜೋರಾಗುತ್ತದೆ, ಅಲ್ಲಿಯೇ ಹೆಚ್ಚಿನವರು ಸೋತು ಎದ್ದು ಹೋಗಿಬಿಡುತ್ತಾರೆ. ಹಾಗೆ ಎದ್ದರೆ ಎಷ್ಟು ಜೋರಾಗಿ ಕೂಗಬೇಕು ಅನ್ನುವುದನ್ನು ನಾವೇ ಹೇಳಿಕೊಟ್ಟಂತೆ.

ವಿಡಿಯೋ ಕಾಲ್ ಪ್ರಯೋಗವನ್ನೂ ಮಾಡಿದೆವು. ಮಗಳ ದನಿ ಕೇಳಿ ಅವನು ಫೋನಿನ ಹಿಂದೆ ಹೋಗಿ ಹುಡುಕಿದ. ಅವಳು ಆ ಕಡೆ ಅತ್ತಳು, ಅವನು ಈ ಕಡೆ ರಾತ್ರಿವರೆಗೂ ಕೂಗಿದ. ಆ ಪ್ರಯೋಗ ಅಲ್ಲಿಗೇ ಬಿಟ್ಟೆವು.

ಇನ್ನು ವಯಸ್ಸಿನ ಗಲಾಟೆ. ಮರಿ ತಂದು ನಾಲ್ಕೈದು ತಿಂಗಳಾದ ಮೇಲೆ ಬರುವ ಫೋನುಗಳು ಬಹುತೇಕ ಇದರವು. ಗಂಡು ಮರಿಗಳು ಸುಮಾರು ಆ ವಯಸ್ಸಿನಲ್ಲಿ ಹಾಡು ಕಟ್ಟಲು ಶುರು ಮಾಡುತ್ತವೆ. ಮೊದಲು ಗುನುಗು, ಅರ್ಧಂಬರ್ಧ ಸಿಳ್ಳೆ, ಆಮೇಲೆ ಒಮ್ಮೆಲೇ ದಿನವಿಡೀ. ಕನ್ನಡಿ ಮುಂದೆ, ಸ್ಟೀಲ್ ಡಬ್ಬದ ಮುಂದೆ, ಚಪ್ಪಲಿ ಸ್ಟ್ಯಾಂಡಿನ ಮುಂದೆ ರೆಕ್ಕೆ ಸ್ವಲ್ಪ ಎತ್ತಿ, ಎದೆ ಉಬ್ಬಿಸಿ, ಕೊಕ್ಕಿನಿಂದ ಟಕಟಕ ಬಡಿಯುತ್ತ ಹಾಡುತ್ತಾನೆ. ಇದು ಕಾಯಿಲೆ ಅಲ್ಲ, ಹರೆಯ. ಮೊದಲ ಸಲ ಗರಿ ಉದುರಿಸಿದ ಮೇಲೆ ಬೂದು ಬಣ್ಣದ ಗಂಡಿನ ಮುಖ ಹಳದಿಯಾಗುತ್ತದೆ, ಬಾಲದ ಅಡಿಯ ಪಟ್ಟೆಗಳು ಹೋಗುತ್ತವೆ, ಆಗ ಗುರುತು ಖಾತ್ರಿ. ಬಿಳಿ ಹಳದಿ ಮೈಯ ಲುಟಿನೋಗಳಲ್ಲಿ ಕಣ್ಣಳತೆ ಕಷ್ಟ, ಡಿಎನ್‌ಎ ಪರೀಕ್ಷೆಯೇ ಖಾತ್ರಿ. ಅಂಗಡಿಯಲ್ಲಿ "ಪಕ್ಕಾ ಗಂಡು ಸಾರ್, ಚೆನ್ನಾಗಿ ಹಾಡುತ್ತೆ" ಅಂತ ಕೊಟ್ಟಿದ್ದು ಮನೆಗೆ ಬಂದು ಮಾತೇ ಆಡದೆ, ಒಂದು ದಿನ ಮೊಟ್ಟೆ ಇಟ್ಟ ಕಥೆಗಳು ನನ್ನ ಬಳಿ ಹಲವಾರಿವೆ.

ದೊಡ್ಡ ಹಕ್ಕಿಗಳಲ್ಲೂ ಈ ಉಬ್ಬರ ಬಂದು ಹೋಗುತ್ತದೆ. ಅದಕ್ಕೆ ನಾವು ಗೊತ್ತಿಲ್ಲದೆ ಗೊಬ್ಬರ ಹಾಕುತ್ತಿರುತ್ತೇವೆ. ಕಾಡಿನಲ್ಲಿ ಮಳೆ ಬಂದು, ಕಾಳು ಸಮೃದ್ಧವಾಗಿ, ಹಗಲು ಉದ್ದವಾದರೆ ಮರಿ ಮಾಡುವ ಕಾಲ. ನಮ್ಮ ಹಾಲಿನಲ್ಲಿ ಟ್ಯೂಬ್‌ಲೈಟ್ ರಾತ್ರಿ ಹನ್ನೊಂದರವರೆಗೂ ಉರಿಯುತ್ತದೆ, ಬಟ್ಟಲು ಯಾವಾಗಲೂ ತುಂಬಿರುತ್ತದೆ, ಸೋಫಾದ ಕೆಳಗೆ ಗೂಡಿನಂಥ ಕತ್ತಲೆ ಸಂದು, ಮೇಲಿಂದ ಬೆನ್ನು ಸವರುವ ಮಕ್ಕಳು. ಹಕ್ಕಿಗೆ ವರ್ಷವಿಡೀ ಸುಗ್ಗಿ. ಹಾಗಾಗಿ ಕೂಗೂ ಜಾಸ್ತಿ, ಕಚ್ಚಾಟವೂ ಜಾಸ್ತಿ. ಸಂಜೆ ಬೇಗ ಬಟ್ಟೆ ಮುಚ್ಚಿ, ಹತ್ತು ಹನ್ನೆರಡು ಗಂಟೆ ಕತ್ತಲೆ ಸಿಗುವಂತೆ ಮಾಡಿ, ಸಂದುಗಳನ್ನು ಅಡ್ಡಗಟ್ಟಿದರೆ ಇದು ಇಳಿಯುತ್ತದೆ. ಸವರುವುದಿದ್ದರೆ ತಲೆ ಮಾತ್ರ. ಹೆಣ್ಣು ಹಕ್ಕಿ ಸುಮ್ಮನಾಗಿ, ಗರಿ ಉಬ್ಬಿಸಿಕೊಂಡು, ಪಂಜರದ ತಳದಲ್ಲಿ ತಿಣುಕುತ್ತ ಕೂತಿದ್ದರೆ ಅದು ಬೇರೆ ವಿಷಯ. ಮೊಟ್ಟೆ ಸಿಕ್ಕಿಕೊಂಡಿರಬಹುದು, ಆ ಹೊತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಗರಿ ಉದುರಿಸುವ ಕಾಲದಲ್ಲಿ ಹಾಡು ಕಡಿಮೆಯಾಗುತ್ತದೆ, ಹೊಸ ಗರಿಯ ಮೊಳಕೆಗಳು ಮುಟ್ಟಿದರೆ ನೋಯುತ್ತವೆ, ಸಿಡುಕು ಸಹಜ. ರಾತ್ರಿ ಒಮ್ಮೆಲೇ ಕಿರುಚಿ ಪಂಜರದೊಳಗೆ ಬಡಿದಾಡಿದರೆ ಅದು ರಾತ್ರಿ ಗಾಬರಿ. ಕಾಕಟೀಲ್‌ಗಳಲ್ಲಿ ಇದು ಎದ್ದು ಕಾಣುವಷ್ಟು ಜಾಸ್ತಿ. ಕರೆಂಟ್ ಹೋಗಿ ಇನ್ವರ್ಟರ್ ಟಕ್ಕೆಂದು ಬಂದರೂ ಸಾಕು, ಹಲ್ಲಿ ಹರಿದರೂ ಸಾಕು. ಸಣ್ಣ ಜೀರೋ ಬಲ್ಬ್ ಒಂದಿದ್ದರೆ ಕೂರುವ ಕೋಲು ಎಲ್ಲಿದೆ ಅಂತ ಕಾಣುತ್ತದೆ, ರೆಕ್ಕೆ ಮುರಿಯುವುದು ತಪ್ಪುತ್ತದೆ.

ಹಾಡಿನ ಪಟ್ಟಿ ಬದಲಾಗುವುದಕ್ಕೂ ಹೆದರಬೇಕಿಲ್ಲ. ಕಾಕಟೀಲ್ ಕಲಿಯುತ್ತದೆ, ಕಲಿತದ್ದನ್ನು ಬಿಡುತ್ತದೆ. ಕಲಿಕೆ ಎಷ್ಟು ನಯವಾಗಿರುತ್ತದೆ ಅನ್ನುವುದಕ್ಕೆ ಜಪಾನಿನ ಐಚಿ ವಿಶ್ವವಿದ್ಯಾಲಯದ ಯೋಶಿಮಾಸ ಸೆಕಿ 2021ರಲ್ಲಿ ಪ್ರಕಟಿಸಿದ ಕೆಲಸ ಓದಬೇಕು. ಮನುಷ್ಯರು ಕೈಯಾರೆ ಬೆಳೆಸಿದ ಮೂರು ಗಂಡು ಕಾಕಟೀಲ್‌ಗಳು, ಕೇಳಿಸಿದ ಧಾಟಿ ಮುಗಿದ ಮೇಲೆ ಅದನ್ನು ಅನುಕರಿಸಿದ್ದಲ್ಲ, ಅದರ ಜೊತೆಜೊತೆಗೇ ಕಾಲ ಹೊಂದಿಸಿ ಹಾಡಿದವು. ನಾನು ಓದಿದಾಗ ನನಗೆ ಹಿಡಿಸಿದ್ದು ಆ "ಜೊತೆಗೆ". ಹಾಡಲು ಜೊತೆ ಇಲ್ಲದಿದ್ದರೆ ಆ ಹಾಡು ಮೆಲ್ಲಗೆ ಬೀಳುತ್ತದೆ. ನಾವು ಹಳೆ ಕುಕ್ಕರ್ ಕೊಟ್ಟು ಸೀಟಿಯಿಲ್ಲದ ಎಲೆಕ್ಟ್ರಿಕ್ ಕುಕ್ಕರ್ ತಂದ ಮೇಲೆ ಗುಂಡನ ಸೀಟಿಯೂ ಕ್ರಮೇಣ ಹೋಯಿತು. ಅದರ ಜಾಗಕ್ಕೆ ಈಗ ವಾಷಿಂಗ್ ಮಷೀನ್ ಮುಗಿದಾಗ ಹೊಡೆದುಕೊಳ್ಳುವ ರಾಗ ಬಂದಿದೆ. ದಿನಕ್ಕೆ ಹತ್ತು ಸಲ ಬಟ್ಟೆ ಒಗೆದಾಗುತ್ತದೆ ನಮ್ಮ ಮನೆಯಲ್ಲಿ.

ಇಷ್ಟು ಹೊತ್ತು ಹೇಳಿದ್ದು ದನಿ ಸರಿಯಿದ್ದಾಗಿನ ಮಾತು. ದನಿಯೇ ಕೆಟ್ಟರೆ ಇದ್ಯಾವುದೂ ಲೆಕ್ಕಕ್ಕಿಲ್ಲ.

ನಮ್ಮ ಧ್ವನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಯ ಸ್ವರ ಹುಟ್ಟುವ ಜಾಗ ಅಲ್ಲಲ್ಲ, ಇನ್ನೂ ಕೆಳಗೆ, ಎದೆಯೊಳಗೆ. ಶ್ವಾಸನಾಳ ಎರಡಾಗಿ ಕವಲೊಡೆದು ಶ್ವಾಸಕೋಶಗಳ ಕಡೆ ತಿರುಗುವ ತಾಣದಲ್ಲಿ ಸಿರಿಂಕ್ಸ್ ಅನ್ನುವ ಅಂಗ ಇದೆ. ಅದರ ಸುತ್ತ ಗಾಳಿಚೀಲ. ಹಕ್ಕಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯು, ವಪೆ, ಇಲ್ಲ, ಎದೆಗೂಡನ್ನೇ ಹಿಗ್ಗಿಸಿ ಕುಗ್ಗಿಸಿ ಗಾಳಿಚೀಲಗಳ ಮೂಲಕ ಉಸಿರಾಡುತ್ತದೆ. ಅಂದರೆ ದನಿಯ ಅಂಗ ಉಸಿರಿನ ದಾರಿಯ ಅತಿ ಇಕ್ಕಟ್ಟಿನ ಜಾಗದಲ್ಲೇ ಇದೆ. ಅಲ್ಲಿ ಊತವಾದರೆ, ಬೂಷ್ಟಿನ ಗಂಟು ಬೆಳೆದರೆ, ಪಕ್ಕದಿಂದ ಏನಾದರೂ ಒತ್ತಿದರೆ ಮೊದಲು ಕೆಡುವುದು ದನಿ. ನಂತರ ಉಸಿರು. ನಮಗೆ ಗಂಟಲು ಕಟ್ಟಿದರೆ ಬಿಸಿನೀರು ಕುಡಿದು ಎರಡು ದಿನ ಸುಮ್ಮನಿರುತ್ತೇವೆ. ಅದೇ ರೂಢಿಯಲ್ಲಿ ಹಕ್ಕಿಯ ಗೊಗ್ಗರು ದನಿಯನ್ನೂ ನೋಡುತ್ತೇವೆ, ಅಪಾಯ ಇರುವುದೇ ಇಲ್ಲಿ.

ಮಂಗಳೂರಿನ ಗೆಳತಿಯೊಬ್ಬಳ ಹಕ್ಕಿಗೆ ಹೀಗಾಯಿತು. ಜುಲೈ ಮಳೆ. ಹಕ್ಕಿ ಲವಲವಿಕೆಯಿಂದಲೇ ಇದೆ, ತಿನ್ನುತ್ತದೆ, ಬರೀ ಸಿಳ್ಳೆಯ ಮೇಲಿನ ಸ್ವರ ಸೀಳುತ್ತಿದೆ ಅಂದಳು. ಫೋನಿನಲ್ಲಿ ಕೇಳಿಸಿಕೊಂಡೆ, ಇವತ್ತೇ ತೋರಿಸು ಅಂದೆ. ಡಾಕ್ಟರು ನೋಡಿ, ಎಕ್ಸ್‌ರೇ ತೆಗೆಸಿ, ಆಸ್ಪರ್ಜಿಲ್ಲಸ್ ಅನ್ನುವ ಬೂಷ್ಟಿನ ಸೋಂಕು ಅಂದರು. ಕಾಳಿನ ಡಬ್ಬ ತೆಗೆದು ಮೂಸಿದರೆ ಮುಗ್ಗಲು ವಾಸನೆ. ಕರಾವಳಿಯ ಮಳೆಗಾಲದಲ್ಲಿ ಕಾಳಿಗೆ, ಪಂಜರದ ತಳದಲ್ಲಿ ಬಿದ್ದ ಹೊಟ್ಟಿಗೆ ಬೂಷ್ಟು ಹಿಡಿಯುವುದು ಎಷ್ಟು ಹೊತ್ತು? ಔಷಧ ಬಹಳ ಕಾಲ ನಡೆಯಿತು. ಹಕ್ಕಿ ಉಳಿಯಿತು. ಆ ಮೇಲಿನ ಸ್ವರ ಮಾತ್ರ ಮೊದಲಿನಂತೆ ಆಗಲಿಲ್ಲ.

ಬೇರೆ ಕಾರಣಗಳೂ ಇವೆ. ಬರೀ ಬೀಜ, ಅದರಲ್ಲೂ ಸೂರ್ಯಕಾಂತಿ ಬೀಜ ತಿಂದು ಬೆಳೆದ ಹಕ್ಕಿಗೆ ಎ ಜೀವಸತ್ವ ಸಾಲುವುದಿಲ್ಲ. ಆಗ ಬಾಯಿ, ಮೂಗು, ಶ್ವಾಸನಾಳದ ಒಳಪದರ ಒಣಗಿ ದಪ್ಪವಾಗುತ್ತದೆ, ಸೋಂಕಿಗೆ ಬಾಗಿಲು ತೆರೆದಂತೆ. ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪು, ಕೊತ್ತಂಬರಿಸೊಪ್ಪು ನಮ್ಮ ಅಡುಗೆಮನೆಯಲ್ಲೇ ಇವೆ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಉಬ್ಬಿ ಸಿರಿಂಕ್ಸನ್ನು ಒತ್ತುವುದು ಲವ್ ಬರ್ಡ್ಸ್ ಅಂತ ನಾವು ಕರೆಯುವ ಬಜರಿಗರ್‌ಗಳಲ್ಲಿ ಹೆಸರಾದ ತೊಂದರೆ, ಉಸಿರಿಗೊಮ್ಮೆ ಕೀಚ್ ಅನ್ನುತ್ತವೆ. ಕಾಕಟೀಲ್‌ಗಳಲ್ಲಿ ನವಣೆಯಂಥ ಸಣ್ಣ ಕಾಳು ಶ್ವಾಸನಾಳಕ್ಕೆ ಸೇರಿಕೊಂಡ ಪ್ರಕರಣಗಳಿವೆ. ತಿನ್ನುತ್ತಿದ್ದ ಹಕ್ಕಿ ನಿಮಿಷದಲ್ಲಿ ದನಿ ಕಳೆದುಕೊಂಡು ಏದುಸಿರು ಬಿಡುತ್ತದೆ.

ಸಿಟಕೋಸಿಸ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕ್ಲಮಿಡಿಯಾ ಸಿಟಸಿ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಇದು. ಕಾಕಟೀಲ್‌ಗಳಲ್ಲಿ, ಬಜರಿಗರ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ, ಮನುಷ್ಯರಿಗೂ ಹರಡುತ್ತದೆ. ಹಕ್ಕಿ ಮಂಕಾಗುತ್ತದೆ, ಕಣ್ಣು ಮೂಗು ಸೋರುತ್ತದೆ, ಹಿಕ್ಕೆ ಹಸಿರಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಬಂದು ಇಳಿಯದಿದ್ದರೆ "ಮನೆಯಲ್ಲಿ ಹಕ್ಕಿ ಇದೆ" ಅಂತ ಡಾಕ್ಟರಿಗೆ ಹೇಳಲೇಬೇಕು. ಅವರಾಗಿ ಕೇಳುವುದು ಕಡಿಮೆ. ಹಕ್ಕಿಗೆ ಡಾಕ್ಸಿಸೈಕ್ಲಿನ್ ಚಿಕಿತ್ಸೆ ಸಾಮಾನ್ಯವಾಗಿ 45 ದಿನ ನಡೆಯುತ್ತದೆ. ಅಂಗಡಿಯವನು ಕೊಡುವ ಹಳದಿ ಪುಡಿಯನ್ನು ನೀರಿಗೆ ಕದಡಿ ನಾಲ್ಕು ದಿನ ಇಟ್ಟು, ಹಾಡು ಬಂತು ಅಂತ ನಿಲ್ಲಿಸಿದರೆ ಸೋಂಕು ಅಡಗಿ ಕೂರುತ್ತದೆ.

ಹೊಗೆಯ ಮಾತು ಮೆಣಸಿನಕಾಯಿಗೆ ಮುಗಿಯುವುದಿಲ್ಲ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿ, ದೀಪಾವಳಿಯ ಹೊಗೆ, ಒಗ್ಗರಣೆಯ ಘಾಟು ಎಲ್ಲವೂ ಆ ಪುಟ್ಟ ಗಾಳಿಚೀಲಗಳಿಗೆ ಹೋಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ನಾನ್‌ಸ್ಟಿಕ್ ತವಾ. ಖಾಲಿ ತವಾ ಒಲೆಯ ಮೇಲೆ ಮರೆತು ಮಿತಿಮೀರಿ ಕಾದರೆ ಅದರಿಂದ ಬರುವ ಅನಿಲ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ನಮ್ಮ ಮನೆಯಲ್ಲಿ ದೋಸೆಗೆ ಕಬ್ಬಿಣದ ಕಾವಲಿಯೇ.

ಮನೆಮದ್ದಿನವರಿಗೆ ಒಂದು ಮಾತು. ತುಳಸಿ ಕಷಾಯ, ಜೇನು, ಓಮದ ನೀರು, ಯಾವುದನ್ನೂ ಕೊಕ್ಕು ಬಿಡಿಸಿ ಹನಿಸಬೇಡಿ. ಉಸಿರಿನ ದಾರಿಯ ಬಾಯಿ ಹಕ್ಕಿಯ ನಾಲಿಗೆಯ ಬುಡದಲ್ಲೇ ಇದೆ. ಏದುಸಿರಿನ ಹಕ್ಕಿಗೆ ಒತ್ತಾಯದಿಂದ ಹಾಕಿದ ಹನಿ ಶ್ವಾಸಕೋಶಕ್ಕೇ ಹೋಗಬಹುದು.

ನೋಡಬೇಕಾದದ್ದು ಬಾಲ. ಸುಮ್ಮನೆ ಕೂತಿರುವಾಗ ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಪಂಪಿನಂತೆ ಆಡುತ್ತಿದ್ದರೆ, ಕೊಕ್ಕು ತೆರೆದು ಉಸಿರಾಡುತ್ತಿದ್ದರೆ, ಉಸಿರಿನಲ್ಲಿ ಟಿಕ್ ಟಿಕ್ ಸದ್ದಿದ್ದರೆ ತಡ ಮಾಡುವಂತಿಲ್ಲ. ಹಾರಾಡಿ ಬಂದ ಮೇಲೆ ಸ್ವಲ್ಪ ಹೊತ್ತು ಹಾಗಾದರೆ ಅದು ಬೇರೆ. ತೂಕ ಹತ್ತರಲ್ಲೊಂದು ಪಾಲು ಇಳಿದಿದ್ದರೆ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಕಾಯಿಲೆಯೇ. ಹಿಂಡಿನ ಹಕ್ಕಿ ಕೊನೆಯವರೆಗೂ ಮುಚ್ಚಿಡುತ್ತದೆ, ಸೋತದ್ದು ತೋರಿಸಿದರೆ ಹದ್ದಿನ ಕಣ್ಣಿಗೆ ಮೊದಲು ಬೀಳುವುದು ಅದೇ.

ಈ ಮುಚ್ಚಿಡುವ ಗುಣ ಆಸ್ಪತ್ರೆಯಲ್ಲಿ ಇನ್ನೂ ಕಾಡುತ್ತದೆ. ಮನೆಯಲ್ಲಿ ಗೊಗ್ಗರು ದನಿಯಲ್ಲಿ ಕೂಗುತ್ತಿದ್ದ ಹಕ್ಕಿ ಅಲ್ಲಿ ನಾಯಿ ಬೆಕ್ಕುಗಳ ಮಧ್ಯೆ ಜುಟ್ಟು ನೆಟ್ಟಗೆ ಮಾಡಿ ಪೂರ್ತಿ ಆರೋಗ್ಯವಂತನಂತೆ ಕೂರುತ್ತದೆ. ಡಾಕ್ಟರಾದರೂ ಏನು ಕೇಳಿಸಿಕೊಳ್ಳಬೇಕು? ಹಾಗಾಗಿ ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡು ಹೋಗುವುದು. ಅದಕ್ಕಿಂತ ಮುಖ್ಯ, ಚೆನ್ನಾಗಿದ್ದಾಗಿನ ಒಂದು ರೆಕಾರ್ಡಿಂಗ್ ಕೂಡ ಇರಬೇಕು. ಹೋಲಿಸಲು ಬೇರೆ ಏನಿದೆ? ನಾನು ತಿಂಗಳಿಗೊಮ್ಮೆ ಗುಂಡನ ಬೆಳಗಿನ ಹಾಡು ಒಂದು ನಿಮಿಷ ಹಿಡಿದಿಡುತ್ತೇನೆ, ಆ ದಿನದ ತೂಕವನ್ನು ಅದೇ ಫೈಲಿನ ಹೆಸರಿಗೆ ಸೇರಿಸುತ್ತೇನೆ.

ಪಕ್ಷಿ ನೋಡುವ ಡಾಕ್ಟರು ಎಲ್ಲ ಊರಿನಲ್ಲೂ ಇಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದಲ್ಲಿ ಹಕ್ಕಿ ನೋಡುವವರು ಯಾರು ಅಂತ ಅಲ್ಲಿ ಕೇಳಬಹುದು. ಹಕ್ಕಿ ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ. (ನಮ್ಮ ಊರಿನ ಹಸಿರು ಗಿಳಿಯ ಬಗ್ಗೆ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಪಂಜರದಲ್ಲಿಡುವುದೇ ಅಪರಾಧ.)

ನನಗೆ ಫೋನ್ ಮಾಡುವುದಕ್ಕೆ ಹೊತ್ತುಗೊತ್ತು ನೋಡಬೇಕಾಗಿಲ್ಲ, ಊಟ ಆರಿದರೆ ಬಿಸಿ ಮಾಡಿಕೊಳ್ಳುತ್ತೇನೆ. "ಮಂಕಾಗಿದೆ" ಅಂತ ಮಾತ್ರ ಹೇಳಬೇಡಿ, ಅದರಿಂದ ನನಗೆ ಏನೂ ಗೊತ್ತಾಗುವುದಿಲ್ಲ. ದನಿಯ ರೆಕಾರ್ಡಿಂಗ್ ಕಳಿಸಿ, ತೂಕ ಹೇಳಿ, ಹಿಕ್ಕೆಯ ಫೋಟೋ ಕಳಿಸಿದರೂ ಅಸಹ್ಯಪಡುವುದಿಲ್ಲ. ಕಿಟಕಿಯಿಂದ ಏನು ಕಾಣುತ್ತದೆ ಅಂತಲೂ ಹೇಳಿ. ಬಾಲ ಆಡುತ್ತಿದೆ ಅನ್ನುವುದಾದರೆ ನನಗೆ ಮಾಡಬೇಡಿ, ಡಾಕ್ಟರಿಗೆ ಮಾಡಿ.